ಹಲ್ಲಿನ ಡಾಕ್ಟರೆಂದರೆ ಮಗುವಿಗೇಕೆ ಅಷ್ಟು ಭಯ?

ಬೆಳಗಿನ ಹತ್ತು ಗಂಟೆಗೆ ಯಾವುದಾದರೂ ಸರ್ಕಾರಿ ಆಸ್ಪತ್ರೆಯ ದಂತ ವಿಭಾಗದ ಎದುರು ಅರ್ಧ ಗಂಟೆ ಕುಳಿತು ನೋಡಿ. ಕೆನ್ನೆ ಊದಿದ ಐದು ವರ್ಷದ ಮಗುವೊಂದು ಅಮ್ಮನ ಸೆರಗಿನಲ್ಲಿ ಮುಖ ಹುದುಗಿಸಿ ಬಿಕ್ಕುತ್ತಿರುತ್ತದೆ. ‘ಸುಮ್ನಿರು ಮಗಾ, ಗಲಾಟೆ ಮಾಡಿದ್ರೆ ಡಾಕ್ಟರು ದೊಡ್ಡ ಸೂಜಿ ಚುಚ್ತಾರೆ’ ಎಂದು ಅಮ್ಮ ಗದರುತ್ತಾಳೆ. ಅವಳ ಕಣ್ಣು ಮಾತ್ರ ಗೋಡೆಯ ಗಡಿಯಾರದ ಮೇಲೆ. ಇನ್ನೂ ತಡವಾದರೆ ಇವತ್ತಿನ ಕೂಲಿ ಹೋದಂತೆಯೇ. ಒಳಗಿನಿಂದ ಹೆಸರು ಕೂಗಿದ್ದೇ ತಡ, ಮಗುವಿನ ಚೀರಾಟ ಶುರು.

‘ಎಂಥ ಹಟಮಾರಿ ಮಗು!’ ಎಂದು ಪಕ್ಕದವರು ತೀರ್ಪು ಕೊಟ್ಟುಬಿಡುತ್ತಾರೆ. ಆದರೆ ಆ ಅಳುವಿನ ಹಿಂದೆ ಒಂದಿಡೀ ಸಂಸಾರದ ಲೆಕ್ಕಾಚಾರ ಅಡಗಿದೆ.

ಬಡವರ ಮಕ್ಕಳು ಮಾತ್ರ ಹೆದರುತ್ತಾರೆಂದೇನೂ ಅಲ್ಲ. ಅಪರಿಚಿತ ಮುಖ, ಔಷಧದ ವಾಸನೆ, ಕೊರೆಯುವ ಯಂತ್ರದ ಸದ್ದು ಯಾವ ಮಗುವಿಗೂ ಹಿತವಲ್ಲ. ಕೆಲವು ಮಕ್ಕಳ ಸ್ವಭಾವವೇ ಅಂಜುಬುರುಕು. ಆದರೂ ಮನೆಯ ಕಷ್ಟ ಈ ಭಯಕ್ಕೆ ಗೊಬ್ಬರ ಹಾಕುತ್ತದೆ. ಭಯ ಮನಸ್ಸಿಗೆ ಬರುವ ಮೂರು ದಾರಿಗಳನ್ನು ಮನೋವಿಜ್ಞಾನಿ ಸ್ಟಾನ್ಲಿ ರಾಕ್‌ಮನ್ 1977ರಲ್ಲಿ ಗುರುತಿಸಿದರು: ಸ್ವತಃ ನೋವುಂಡು, ಇನ್ನೊಬ್ಬರು ಹೆದರುವುದನ್ನು ಕಂಡು, ಬೇರೆಯವರ ಮಾತು ಕೇಳಿ. ಕಷ್ಟದ ಸಂಸಾರದಲ್ಲಿ ಈ ಮೂರೂ ದಾರಿಗಳು ಒಟ್ಟಿಗೇ ತೆರೆದಿರುತ್ತವೆ.

ಮೊದಲನೆಯದನ್ನೇ ನೋಡೋಣ. ಮಗುವಿನ ದವಡೆ ಹಲ್ಲಿನಲ್ಲಿ ಕಪ್ಪು ಚುಕ್ಕೆ ಕಾಣುತ್ತದೆ. ‘ಹಾಲು ಹಲ್ಲು ತಾನೇ, ಹೇಗೂ ಬಿದ್ದುಹೋಗುತ್ತೆ’ ಎಂಬ ಸಮಾಧಾನ ಎಲ್ಲರ ಮನೆಯಲ್ಲೂ ಉಂಟು. ದಿನಗೂಲಿಯ ಮನೆಯಲ್ಲಿ ಅದರ ಜೊತೆಗೆ ಬೇರೆ ಪ್ರಶ್ನೆಗಳೂ ಇರುತ್ತವೆ. ಆಸ್ಪತ್ರೆಗೆ ಹೋದರೆ ಒಂದು ದಿನದ ಸಂಪಾದನೆ ಹೋಯಿತು. ಕೈಗೂಸನ್ನು ಯಾರು ನೋಡಿಕೊಳ್ಳಬೇಕು? ಹೀಗೆ ವಾರ ತಿಂಗಳಾಗುತ್ತದೆ. ನೋವು ಬಂದಾಗ ಲವಂಗ, ಅದಕ್ಕೂ ಬಗ್ಗದಿದ್ದರೆ ಔಷಧದ ಅಂಗಡಿಯ ಮಾತ್ರೆ.

ಹುಳುಕು ಕಾಯುವುದಿಲ್ಲ. ಹಾಲು ಹಲ್ಲಿನ ಹೊರಕವಚ ಶಾಶ್ವತ ಹಲ್ಲಿನದಕ್ಕಿಂತ ತೆಳು. ಹುಳುಕು ಬೇಗ ನರದವರೆಗೆ ಇಳಿಯುತ್ತದೆ. ಕೆನ್ನೆ ಊದಿದ ಮೇಲೆ ಸಣ್ಣದಾಗಿ ಸಿಮೆಂಟು ತುಂಬಿ ಮುಗಿಸುವ ಕಾಲ ಮೀರಿರುತ್ತದೆ. ಬಹಳ ಸಲ ಕೀಳುವುದೊಂದೇ ದಾರಿ. ಕೀವು ತುಂಬಿದ ಜಾಗದಲ್ಲಿ ಆಮ್ಲದ ಅಂಶ ಹೆಚ್ಚಿರುವುದರಿಂದ ಮರಗಟ್ಟಿಸುವ ಚುಚ್ಚುಮದ್ದು ಸರಿಯಾಗಿ ಕೆಲಸ ಮಾಡುವುದಿಲ್ಲ. ಎಂದರೆ, ತಡ ಮಾಡಿದಷ್ಟೂ ನೋವು ನಿಜವಾಗಿಯೇ ಹೆಚ್ಚು. ಅನುಕೂಲಸ್ಥರ ಮಗು ಮೊದಲ ಸಲ ಆ ಕುರ್ಚಿ ಹತ್ತುವುದು ಹಲ್ಲು ಎಣಿಸಿಕೊಳ್ಳಲು. ಈ ಮಗು ಹತ್ತುವುದು ಹಲ್ಲು ಕಳೆದುಕೊಳ್ಳಲು. ಇಬ್ಬರಿಗೂ ಕುರ್ಚಿ ಒಂದೇ, ನೆನಪು ಮಾತ್ರ ಬೇರೆ.

ಇನ್ನು ಎರಡನೆಯ ದಾರಿ. ಆ ತಾಯಿಯೂ ಚಿಕ್ಕಂದಿನಲ್ಲಿ ಹೀಗೇ ಹಲ್ಲು ಕೀಳಿಸಿಕೊಂಡವಳಿರಬಹುದು. ಖರ್ಚೆಷ್ಟೋ ಎಂಬ ಚಿಂತೆಯೂ ಸೇರಿ ಮಗುವಿನ ಕೈಯನ್ನು ಅವಳು ಬಿಗಿಯಾಗಿ ಹಿಡಿಯುತ್ತಾಳೆ. ಆ ಬಿಗಿತ ಮಗುವಿಗೆ ಅರ್ಥವಾಗುತ್ತದೆ. ಮೂರನೆಯದಕ್ಕೆ ‘ದೊಡ್ಡ ಸೂಜಿ’ಯ ಮಾತೇ ಸಾಕು.

ಹೆದರಿದ ಮಗು ಮುಂದಿನ ಸಲ ಬರಲೊಲ್ಲದು. ಬಾರದಿದ್ದರೆ ಇನ್ನೊಂದು ಹಲ್ಲು ಹಾಳು. ಹಾಲಿನ ದವಡೆ ಹಲ್ಲುಗಳು ಹತ್ತು ಹನ್ನೆರಡು ವರ್ಷದವರೆಗೂ ಇರಬೇಕಾದವು. ಬೇಗ ಕಿತ್ತರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲಿ, ಮುಂದೆ ಬರುವ ಶಾಶ್ವತ ಹಲ್ಲು ಸೊಟ್ಟಗಾಗಬಹುದು. ಇದು ಎಲ್ಲೋ ಒಬ್ಬಿಬ್ಬರ ಕಥೆಯಲ್ಲ. 2002-03ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೇಶದ ಐದು ವರ್ಷದ ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಹುಳುಕು ಹಲ್ಲು ಇದ್ದುದು ಕಂಡುಬಂದಿತ್ತು.

ಹಾಗಾದರೆ ಪರಿಹಾರ? ನೋವು ಬರುವ ಮೊದಲೇ ಮೊದಲ ಭೇಟಿ ಆಗಬೇಕು. ಮಗುವಿಗೆ ಒಂದು ವರ್ಷ ತುಂಬುವುದರೊಳಗೆ ಎಂಬುದು ಮಕ್ಕಳ ದಂತವೈದ್ಯರ ಸಲಹೆ. ದಿನಗೂಲಿಯವರಿಗೆ ಇದನ್ನು ಹೇಳುವುದು ಸುಲಭ, ಮಾಡುವುದು ಕಷ್ಟ. ಆದ್ದರಿಂದ ತಪಾಸಣೆಯೇ ಮಗುವಿನ ಬಳಿಗೆ ಬರಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳ ಮಕ್ಕಳ ಹಲ್ಲನ್ನೂ ನೋಡಬೇಕೆಂದಿದೆ. ತಂಡ ಬರುವ ದಿನವನ್ನು ಅಂಗನವಾಡಿ ಕಾರ್ಯಕರ್ತೆಯಿಂದ ಕೇಳಿ ತಿಳಿದುಕೊಳ್ಳಿ. ಕೊರೆಯದೆ, ಚುಚ್ಚದೆ, ಹನಿ ಔಷಧ ಸವರಿ ಹುಳುಕನ್ನು ತಡೆಯುವ ಸಿಲ್ವರ್ ಡೈಅಮೀನ್ ಫ್ಲೋರೈಡನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. ಹುಳುಕಾದ ಜಾಗ ಕಪ್ಪಾಗುವುದು ಇದರ ಮುಖ್ಯ ಕೊರತೆ. ನರಕ್ಕೆ ತಗುಲದ ಹುಳುಕಿಗೆ ಇದು ಆದೀತೇ ಎಂದು ವೈದ್ಯರನ್ನು ಕೇಳಬಹುದು.

ಕಾಸಿಲ್ಲದೆ ಮಾಡಬಹುದಾದದ್ದೂ ಇದೆ. ಡಾಕ್ಟರನ್ನು ಗುಮ್ಮನನ್ನಾಗಿಸಬೇಡಿ. ‘ನೋವೇ ಆಗಲ್ಲ’ ಎಂಬ ಸುಳ್ಳೂ ಬೇಡ. ಒಮ್ಮೆ ಸುಳ್ಳಾದರೆ ಮಗು ಮತ್ತೆ ನಂಬದು. ‘ಡಾಕ್ಟರು ನಿನ್ನ ಹಲ್ಲು ಎಣಿಸ್ತಾರೆ’ ಎಂದಷ್ಟೇ ಹೇಳಿ. ವೈದ್ಯರೂ ಅಷ್ಟೇ: ಮೊದಲು ಹೇಳಿ, ಆಮೇಲೆ ತೋರಿಸಿ, ಅನಂತರ ಮಾಡುವ ಪದ್ಧತಿ 1959ರಿಂದಲೂ ದಂತವೈದ್ಯರಿಗೆ ಗೊತ್ತಿರುವುದೇ. ಸಾಲು ಎಷ್ಟೇ ಉದ್ದವಿರಲಿ, ಪುಟ್ಟ ಕನ್ನಡಿಯನ್ನು ಮಗುವಿನ ಕೈಗೆ ಕೊಟ್ಟು ತೋರಿಸಲು ಎರಡು ನಿಮಿಷ ಸಾಕು.

ಮುಂದಿನ ಸಲ ಆ ಬೆಂಚಿನ ಮೇಲೆ ಅಳುವ ಮಗುವನ್ನು ಕಂಡಾಗ ‘ಹಟಮಾರಿ’ ಎನ್ನಬೇಡಿ. ಗಡಿಯಾರ ನೋಡುತ್ತಿರುವ ಆ ತಾಯಿಗೆ, ‘ಮೊದಲು ನೀವು ಹೋಗಿ ಬನ್ನಿ ಅಮ್ಮಾ’ ಎಂದು ನಿಮ್ಮ ಸರದಿ ಬಿಟ್ಟುಕೊಡಿ.