ಸೊನ್ನಲಿಗೆಯ ಸಿದ್ಧರಾಮ: ಏಕಾಂತ ಮತ್ತು ಕೆರೆ

ವಿರಕ್ತಿಯೆಂದೊಡನೆ ಊರು ಬಿಟ್ಟು ಹೋದವರ ಚಿತ್ರವೇ ನಮ್ಮ ಕಣ್ಣ ಮುಂದೆ ನಿಲ್ಲುತ್ತದೆ. ಕ್ರಿ. ಶ. 3-4ನೆಯ ಶತಮಾನಗಳಲ್ಲಿ ಬಾಳಿದ ಈಜಿಪ್ಟಿನ ಸಂತ ಅಂತೋಣಿಯು ತನ್ನ ಭೂಮಿಕಾಣಿಗಳನ್ನು ತ್ಯಜಿಸಿ ಮರುಭೂಮಿಯನ್ನು ಸೇರಿದನು. ಪಾಳುಕೋಟೆಯೊಂದರಲ್ಲಿ ಅವನು ಸುಮಾರು 20 ವರ್ಷ ಏಕಾಂಗಿಯಾಗಿದ್ದನೆಂದು ಅವನ ಚರಿತ್ರಕಾರ ಅಥನೇಸಿಯಸನು ತಿಳಿಸುತ್ತಾನೆ. ನಮ್ಮ ಸೊನ್ನಲಿಗೆಯ, ಎಂದರೆ ಇಂದಿನ ಸೊಲ್ಲಾಪುರದ, ಸಿದ್ಧರಾಮನೂ ಮನೆ ತೊರೆದು ಹೋದವನೇ. ಆದರೆ ಅವನ ದಾರಿ ಮರಳಿ ಊರಿಗೇ ಬಂದಿತು. ಇದು ವಿಚಾರಾರ್ಹವಾದ ಸಂಗತಿ.

12ನೆಯ ಶತಮಾನದ ಈ ಶಿವಯೋಗಿಯ ತಂದೆ ಮುದ್ದುಗೌಡ, ತಾಯಿ ಸುಗ್ಗವ್ವೆ. ರಾಘವಾಂಕನ ‘ಸಿದ್ಧರಾಮ ಚರಿತ್ರೆ’ಯಂತೆ, ಹೊಲದಲ್ಲಿದ್ದ ಬಾಲಕನ ಬಳಿಗೆ ಜಂಗಮನೊಬ್ಬ ಬಂದು ಉಣಿಸನ್ನು ಬೇಡಿದನು. ಹುಡುಗನು ಮನೆಗೆ ಓಡಿ ತರುವಷ್ಟರಲ್ಲಿ ಜಂಗಮನಿಲ್ಲ! ‘ಮಲ್ಲಯ್ಯಾ’ ಎಂದು ಹಲುಬುತ್ತ ಶ್ರೀಶೈಲಕ್ಕೆ ನಡೆದನು. ಕಾಣದಾಗ ಕಮರಿಗೆ ಹಾರಲೂ ಸಿದ್ಧನಾದನು. ಆಗ ಪ್ರತ್ಯಕ್ಷನಾದ ಮಲ್ಲಿಕಾರ್ಜುನನು ಅವನನ್ನು ಬೆಟ್ಟದಲ್ಲಿ ಉಳಿಸಿಕೊಳ್ಳದೆ ಸೊನ್ನಲಿಗೆಗೇ ಹಿಂದಿರುಗಿಸಿದನು.

ಹಿಂದಿರುಗಿದವನು ಗುಡಿ ಕಟ್ಟಿಸಿದನು, ಕೆರೆ ತೋಡಿಸಿದನು. ಆ ಕೆಲಸ ನಡೆದಿರುವಾಗಲೇ ಅಲ್ಲಮಪ್ರಭು ಬಂದು ‘ಒಡ್ಡರಾಮನೆಲ್ಲಿ?’ ಎಂದು ಕೇಳಿದ ಪ್ರಸಂಗವನ್ನು ಶೂನ್ಯಸಂಪಾದನೆ ಚಿತ್ರಿಸುತ್ತದೆ. ಗುರುನಿಂದೆಯೆಂದು ಕೆರಳಿದ ಕೆಲಸಗಾರರು ಕಲ್ಲೆಸೆದರು. ಅಲ್ಲಮನ ಆಕ್ಷೇಪ ಕೆರೆಯ ಮೇಲಲ್ಲ, ‘ನಾನು ಮಾಡಿದೆ’ ಎಂಬ ಭಾವದ ಮೇಲೆ ಎಂದು ನಾವು ತಿಳಿಯುತ್ತೇವೆ. ಮುಂದೆ ಸಿದ್ಧರಾಮನು ಕಲ್ಯಾಣಕ್ಕೆ ಹೋಗಿ ಚೆನ್ನಬಸವಣ್ಣನಿಂದ ಇಷ್ಟಲಿಂಗದೀಕ್ಷೆ ಪಡೆದನು. ಕೀರ್ತಿವಂತನು ಶಿಷ್ಯನಾಗಲು ಒಪ್ಪಿದುದು ಕೆರೆ ತೋಡಿಸಿದುದಕ್ಕಿಂತ ಕಠಿನವಾದ ಕಾರ್ಯವೆನ್ನಬೇಕು.

ಅಂತೋಣಿಯೂ ಮರುಭೂಮಿಯಲ್ಲಿ ಕೈಕೆಲಸ ಬಿಟ್ಟವನಲ್ಲ. ಹುಡುಕಿ ಬಂದವರಿಗೆ ಬೋಧಿಸದೆ ಕಳುಹಿಸಿದವನೂ ಅಲ್ಲ. ಇವರಿಬ್ಬರನ್ನು ಜೊತೆಗಿಟ್ಟು ನೋಡಿದಾಗ ಒಂದು ಮಾತು ಸ್ಪಷ್ಟವಾಗುತ್ತದೆ: ಬಿಡಬೇಕಾದುದು ಊರನ್ನಲ್ಲ, ಅಹಂತೆಯನ್ನು.

ಇಂದಿಗೂ ಸೊಲ್ಲಾಪುರದ ಕೆರೆಯ ನಡುವೆ ಸಿದ್ಧೇಶ್ವರನ ಗುಡಿಯಿದೆ. ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ಕನ್ನಡಿಗರೂ ಮರಾಠಿಗರೂ ಕೂಡಿ ನಂದಿಧ್ವಜಗಳ ಮೆರವಣಿಗೆ ನಡೆಸುತ್ತಾರೆ. ಕೆರೆ ಎಲ್ಲರ ಕಣ್ಣಿಗೂ ಕಾಣುತ್ತದೆ. ಆದರೆ ‘ಕಪಿಲಸಿದ್ಧ ಮಲ್ಲಿಕಾರ್ಜುನ’ ಅಂಕಿತದ ವಚನಗಳು ತಮ್ಮ ಮೂಲರೂಪದಲ್ಲಿ ಕನ್ನಡ ಬಲ್ಲವರಿಗೆ ಮಾತ್ರ ದಕ್ಕುವಂಥವು. ಸೊಲ್ಲಾಪುರ, ಅಕ್ಕಲಕೋಟೆಯ ಕನ್ನಡ ಶಾಲೆಗಳಲ್ಲಿ ಮಕ್ಕಳಿಗೆ ಅಕ್ಷರ ಕಲಿಸುವ ನಾವು ಆ ಕೆರೆಯ ಇನ್ನೊಂದು ದಂಡೆಯನ್ನು ಕಾಯುತ್ತಿದ್ದೇವೆ. ಹೆಸರಿನ ಹಂಬಲವಿಲ್ಲದೆ ಕಾಯೋಣ.