ಹತ್ತು ಎಣಿಸುವುದರೊಳಗೆ ಎದ್ದರೆ ಎಲ್ಲ ಸರಿಹೋಯಿತೇ?

ಕ್ರಿಕೆಟ್ ಟೂರ್ನಿಯಲ್ಲಿ ‘ನಾಕೌಟ್ ಹಂತ’, ಸಿನಿಮಾ ವಿಮರ್ಶೆಯಲ್ಲಿ ‘ನಾಕೌಟ್ ಪಂಚ್’, ಚುನಾವಣೆ ಸುದ್ದಿಯಲ್ಲಿ ‘ಎದುರಾಳಿ ನಾಕೌಟ್’. ಬಾಕ್ಸಿಂಗ್ ಪಂದ್ಯವನ್ನು ಒಮ್ಮೆಯೂ ನೋಡದವರ ಬಾಯಲ್ಲೂ ಈ ಪದ ಇದೆ. ಆದರೆ ಅದರ ಅರ್ಥ ಕೇಳಿದರೆ ಹೆಚ್ಚಿನವರು ಹೇಳುವುದು, ‘ಒಂದೇ ಏಟಿಗೆ ಪ್ರಜ್ಞೆ ತಪ್ಪಿ ಬೀಳುವುದು’ ಎಂದು. ಅದು ಪೂರ್ತಿ ನಿಜವಲ್ಲ.

ನಾಕೌಟ್ ಎಂದರೆ ಪ್ರಜ್ಞೆ ತಪ್ಪಲೇಬೇಕೇ?

ಇಲ್ಲ. 1867ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ಕ್ವೀನ್ಸ್‌ಬೆರಿ ನಿಯಮಗಳು ಇಂದಿನ ಬಾಕ್ಸಿಂಗ್‌ಗೆ ಬುನಾದಿ. ಕೈಗೆ ಗ್ಲೌಸ್, ಮೂರು ನಿಮಿಷದ ಸುತ್ತು, ನಡುವೆ ಒಂದು ನಿಮಿಷ ಬಿಡುವು, ಬಿದ್ದವರು ಏಳಲು ಹತ್ತು ಸೆಕೆಂಡು. ಅಷ್ಟರೊಳಗೆ ಏಳದಿದ್ದರೆ ಅದು ನಾಕೌಟ್. 2004ರಲ್ಲಿ ಬರ್ನಾರ್ಡ್ ಹಾಪ್ಕಿನ್ಸ್ ಹೊಡೆದ ಏಟು ಆಸ್ಕರ್ ಡಿ ಲಾ ಹೋಯಾ ಅವರ ಪಕ್ಕೆಯ ಕೆಳಗೆ, ಯಕೃತ್ತಿನ ಭಾಗಕ್ಕೆ ಬಿತ್ತು. ಅವರಿಗೆ ಪೂರ್ತಿ ಎಚ್ಚರವಿತ್ತು, ಆದರೆ ನೋವಿನಿಂದ ಏಳಲಾಗಲಿಲ್ಲ. ಅದೂ ನಾಕೌಟೇ.

‘ಟೆಕ್ನಿಕಲ್ ನಾಕೌಟ್’ ಎಂದರೆ ಯಾವುದೋ ಸಣ್ಣ ತಾಂತ್ರಿಕ ಕಾರಣಕ್ಕೆ ಸಿಕ್ಕ ಗೆಲುವು ಎಂದುಕೊಳ್ಳುವವರಿದ್ದಾರೆ. ಅದೂ ಅಲ್ಲ. ಬಾಕ್ಸರ್ ತನ್ನನ್ನು ರಕ್ಷಿಸಿಕೊಳ್ಳುವ ಸ್ಥಿತಿಯಲ್ಲಿಲ್ಲ ಎನಿಸಿದಾಗ ಎಣಿಕೆಗೂ ಕಾಯದೆ ರೆಫರಿ ಪಂದ್ಯ ನಿಲ್ಲಿಸುವುದೇ ಟೆಕ್ನಿಕಲ್ ನಾಕೌಟ್.

ಗಂಟೆ ಕಾಪಾಡಿತೇ?

ಇಕ್ಕಟ್ಟಿನಿಂದ ಕೊನೇ ಗಳಿಗೆಯಲ್ಲಿ ಪಾರಾದರೆ ಇಂಗ್ಲಿಷಿನಲ್ಲಿ ‘ಸೇವ್ಡ್ ಬೈ ದ ಬೆಲ್’ ಎನ್ನುತ್ತಾರೆ. ಹಿಂದೆ ಜೀವಂತವಾಗಿ ಹೂತುಹೋದವರು ಶವಪೆಟ್ಟಿಗೆಗೆ ಕಟ್ಟಿದ ಗಂಟೆ ಬಾರಿಸಿ ಬದುಕುತ್ತಿದ್ದರು, ಮಾತು ಅಲ್ಲಿಂದ ಬಂತು ಎಂಬ ಕತೆ ಅಂತರ್ಜಾಲದಲ್ಲಿ ಓಡಾಡುತ್ತಿದೆ. ಅಂಥ ಪೆಟ್ಟಿಗೆಗಳಿಗೆ 19ನೇ ಶತಮಾನದಲ್ಲಿ ಪೇಟೆಂಟ್ ಪಡೆದದ್ದು ನಿಜ. ಆದರೆ ಮಾತು ಹುಟ್ಟಿದ್ದು ಬಾಕ್ಸಿಂಗ್ ರಿಂಗ್‌ನಲ್ಲಿ: ಬಿದ್ದವರಿಗೆ ಹತ್ತು ಎಣಿಸಿ ಮುಗಿಯುವ ಮೊದಲೇ ಸುತ್ತಿನ ಗಂಟೆ ಹೊಡೆದರೆ ಅವರು ಉಳಿದುಕೊಳ್ಳುತ್ತಿದ್ದರು. ಈಗ ಅಮೆರಿಕದ ವೃತ್ತಿಪರ ಬಾಕ್ಸಿಂಗ್‌ನ ಏಕರೂಪ ನಿಯಮಗಳ ಪ್ರಕಾರ ಗಂಟೆ ಯಾರನ್ನೂ ಉಳಿಸುವುದಿಲ್ಲ, ಎಣಿಕೆ ಮುಂದುವರಿಯುತ್ತದೆ. ನಿಯಮ ಹೋದರೂ ಮಾತು ಉಳಿದಿದೆ.

ಟವೆಲ್ ಎಸೆಯುವವರು ಯಾರು?

‘ಥ್ರೋ ಇನ್ ದ ಟವೆಲ್’ ಎಂದರೆ ದಿನಬಳಕೆಯಲ್ಲಿ ಕೈಚೆಲ್ಲುವುದು. ರಿಂಗ್‌ನಲ್ಲಿ ಟವೆಲ್ ಎಸೆಯುವುದು ಬಾಕ್ಸರ್ ಅಲ್ಲ, ಮೂಲೆಯಲ್ಲಿ ನಿಂತ ಅವರ ತರಬೇತುದಾರ. ಉದ್ದೇಶ, ತನ್ನ ಹುಡುಗನ ಜೀವ ಉಳಿಸುವುದು. 1975ರ ಮನಿಲಾ ಪಂದ್ಯದಲ್ಲಿ ಮುಹಮ್ಮದ್ ಅಲಿ ಎದುರು ಜೋ ಫ್ರೇಜಿಯರ್‌ಗೆ ಕಣ್ಣು ಊದಿಕೊಂಡು ಏಟು ಬರುವುದೇ ಕಾಣುತ್ತಿರಲಿಲ್ಲ. ಆದರೂ ಆಡುತ್ತೇನೆ ಎಂದು ಹಟ ಹಿಡಿದರು. ಕೊನೆಯ 15ನೇ ಸುತ್ತಿಗೆ ಮೊದಲು ತರಬೇತುದಾರ ಎಡ್ಡಿ ಫಚ್ ಪಂದ್ಯ ನಿಲ್ಲಿಸಿಬಿಟ್ಟರು.

ನಮ್ಮ ಮಾತಿಗೂ ಇಂಥ ಪದಗಳು ಬಂದಿವೆ, ಆದರೆ ಗರಡಿ ಮನೆಯಿಂದ: ಅಖಾಡಕ್ಕೆ ಇಳಿ, ತೊಡೆ ತಟ್ಟು, ಪಟ್ಟು ಹಿಡಿ, ಚಿತ್ ಮಾಡು. ಒಂದು ವ್ಯತ್ಯಾಸವಿದೆ. ಕುಸ್ತಿಯಲ್ಲಿ ಚಿತ್ ಮಾಡುವುದೆಂದರೆ ಎದುರಾಳಿಯ ಬೆನ್ನನ್ನು ನೆಲಕ್ಕೆ ತಾಗಿಸುವುದು. ಬಾಕ್ಸಿಂಗ್‌ನಲ್ಲಿ ಗುರಿ ಹೆಚ್ಚಾಗಿ ತಲೆ.

ತಲೆಯೊಳಗೆ ಆಗುವುದೇನು?

ಮೆದುಳು ಮೆತ್ತಗಿನ ಅಂಗ, ಬುರುಡೆಯೊಳಗೆ ದ್ರವದಲ್ಲಿ ತೇಲುವಂತೆ ಇರುತ್ತದೆ. ದವಡೆಗೆ ಪಕ್ಕದಿಂದ ಏಟು ಬಿದ್ದರೆ ತಲೆ ಗಕ್ಕನೆ ತಿರುಗುತ್ತದೆ. ಮೆದುಳು ಅಷ್ಟೇ ಬೇಗ ತಿರುಗದೆ ಹಿಂದುಳಿದು ಜಗ್ಗಿದಂತಾಗುತ್ತದೆ. ನರತಂತುಗಳು ಎಳೆದುಕೊಂಡು ಅವುಗಳ ಕೆಲಸ ಏರುಪೇರಾಗುತ್ತದೆ. ಕಣ್ಣು ಕತ್ತಲೆ ಬರುವುದು, ಕಾಲು ಸೋಲುವುದು, ಪ್ರಜ್ಞೆ ತಪ್ಪುವುದು ಎಲ್ಲ ಇದರ ಪರಿಣಾಮ.

ಇಂಥ ಏಟುಗಳು ವರ್ಷಗಟ್ಟಲೆ ಬೀಳುತ್ತಿದ್ದರೆ? ಮಾತು ತೊದಲುವ, ನಡಿಗೆ ತಪ್ಪುವ ಬಾಕ್ಸರ್‌ಗಳನ್ನು ಅಮೆರಿಕದಲ್ಲಿ ‘ಪಂಚ್ ಡ್ರಂಕ್’, ಅಂದರೆ ಏಟಿನಿಂದ ಅಮಲೇರಿದವರು, ಎಂದು ಗೇಲಿ ಮಾಡುತ್ತಿದ್ದರು. ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲಿ ಆ ಗೇಲಿಯ ಮಾತನ್ನೇ ಶೀರ್ಷಿಕೆಯಾಗಿಟ್ಟು ವೈದ್ಯಕೀಯ ಲೇಖನ ಬರೆದು, ಇದು ಮೆದುಳಿನ ಹಾನಿ ಎಂದು ವಾದಿಸಿದರು.

ನಮಗೇಕೆ ಇದು ಮುಖ್ಯ?

ಸಿನಿಮಾದಲ್ಲಿ ಏಟು ತಿಂದು ಬಿದ್ದವನು ಮುಖಕ್ಕೆ ನೀರು ಚಿಮುಕಿಸಿದರೆ ಎದ್ದು ಮತ್ತೆ ಹೊಡೆದಾಡುತ್ತಾನೆ. ಬೈಕಿನಿಂದ ಬಿದ್ದವರನ್ನು, ಮೆಟ್ಟಿಲು ಜಾರಿದ ಮಕ್ಕಳನ್ನು ನಾವೂ ಹಾಗೇ ನೋಡುತ್ತೇವೆ: ‘ಎದ್ದು ನಿಂತನಲ್ಲ, ಏನೂ ಆಗಿಲ್ಲ.’ ಆದರೆ ಹತ್ತರ ಎಣಿಕೆ ಆಟದ ಅಳತೆ, ಮೆದುಳಿನದಲ್ಲ. ಮೆದುಳಿಗೆ ಪೆಟ್ಟಾದ ಬಹುತೇಕ ಕನ್‌ಕಷನ್ ಪ್ರಕರಣಗಳಲ್ಲಿ ಪ್ರಜ್ಞೆ ತಪ್ಪುವುದೇ ಇಲ್ಲ. ಬುರುಡೆಯೊಳಗೆ ರಕ್ತ ಸೋರುತ್ತಿದ್ದರೂ ಕೆಲವರು ಮೊದಲ ಕೆಲವು ಗಂಟೆ ಚೆನ್ನಾಗಿಯೇ ಮಾತಾಡಿಕೊಂಡಿರುತ್ತಾರೆ.

ತಲೆಗೆ ಪೆಟ್ಟು ಬಿದ್ದವರು ಕ್ಷಣ ಹೊತ್ತಾದರೂ ಪ್ರಜ್ಞೆ ತಪ್ಪಿದ್ದರೆ, ಮತ್ತೆ ಮತ್ತೆ ವಾಂತಿ ಮಾಡಿದರೆ, ತಲೆನೋವು ಹೆಚ್ಚುತ್ತಾ ಹೋದರೆ, ಮಂಪರು ಕವಿದರೆ, ಕೇಳಿದ್ದನ್ನೇ ಕೇಳಿದರೆ, ಫಿಟ್ಸ್ ಬಂದರೆ, ಕಿವಿ ಮೂಗಿನಿಂದ ರಕ್ತ ಅಥವಾ ನೀರು ಸೋರಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಏನೂ ಕಾಣದಿದ್ದರೂ ಮೊದಲ ಒಂದು ದಿನ ಅವರನ್ನು ಒಂಟಿಯಾಗಿ ಬಿಡಬೇಡಿ. ಆಟವಾಡುವಾಗ ಪೆಟ್ಟಾಗಿದ್ದರೆ ಅಂದು ಮತ್ತೆ ಮೈದಾನಕ್ಕೆ ಇಳಿಸಲೇಬೇಡಿ.