ನಡುವನ್ನು ಬಿಟ್ಟು ನಡುವನ್ನೇ ಹೊಡೆಯುವ ಆಟ

ಚದುರಂಗ ಕಲಿಯುವ ಮಕ್ಕಳಲ್ಲಿ ಅನೇಕರು ಆರಂಭದ ಹತ್ತು ಹನ್ನೆರಡು ನಡೆಗಳನ್ನು ಮಗ್ಗಿಯಂತೆ ಉರು ಹೊಡೆಯುತ್ತಾರೆ. ಎದುರಾಳಿ ಪುಸ್ತಕದಲ್ಲಿಲ್ಲದ ನಡೆ ಇಟ್ಟೊಡನೆ ಅವರಿಗೆ ದಿಕ್ಕು ತೋಚುವುದಿಲ್ಲ. ನಡೆಯ ಹಿಂದಿನ ಕಾರಣ ತಿಳಿದವರಿಗೆ ಈ ತೊಡಕಿಲ್ಲ. ‘ಕಿಂಗ್ಸ್ ಇಂಡಿಯನ್ ಡಿಫೆನ್ಸ್’ ಇದಕ್ಕೊಂದು ಒಳ್ಳೆಯ ಪಾಠ.

ಹೆಸರಿನ ಹಿನ್ನೆಲೆ

ಹಳೆಯ ದೇಶೀ ಆಟದಲ್ಲಿ ಕಾಲಾಳು ಮೊದಲ ನಡೆಯಲ್ಲೂ ಸಾಮಾನ್ಯವಾಗಿ ಒಂದೇ ಮನೆ ಮುಂದೆ ಹೋಗುತ್ತಿತ್ತು. ಹೀಗಾಗಿ ನಿಧಾನವಾಗಿ ಕಟ್ಟುವ ರಕ್ಷಣೆ ನಮ್ಮವರಿಗೆ ಸಹಜ. 1850ರ ದಶಕದಲ್ಲಿ ಕಲ್ಕತ್ತೆಯ ಮಹೇಶಚಂದ್ರ ಬ್ಯಾನರ್ಜಿ ಅವರು ವಕೀಲ ಜಾನ್ ಕಾಕ್ರನ್ ಎದುರು ಇಂಥ ಆಟವಾಡಿದರು. ‘ಇಂಡಿಯನ್’ ಎಂಬ ಹೆಸರಿಗೆ ಆ ಪಂದ್ಯಗಳೇ ಮೂಲ. ಮುಂದೆ ಫಿಶರ್, ಕಾಸ್ಪರೋವ್ ಇದೇ ರಕ್ಷಣೆಯಿಂದ ಅನೇಕ ಪಂದ್ಯ ಗೆದ್ದರು.

ಆಡುವ ಬಗೆ

ಬಿಳಿಯವರು ಮಂತ್ರಿಯ ಮುಂದಿನ ಕಾಲಾಳಿನಿಂದ ಆಟ ಆರಂಭಿಸಿದಾಗ ಕಪ್ಪಿನವರು ರಾಜನ ಕಡೆಯ ಕುದುರೆಯನ್ನು ಹೊರತರುತ್ತಾರೆ. ಆ ಕುದುರೆ ನಿಂತಿದ್ದ ಸಾಲಿನ ಕಾಲಾಳನ್ನು ಒಂದು ಮನೆ ಸರಿಸಿ, ತೆರವಾದ ಜಾಗದಲ್ಲಿ ಒಂಟೆಯನ್ನು, ಅಂದರೆ ಬಿಷಪ್ಪನ್ನು, ಇಡುತ್ತಾರೆ. ಮಂತ್ರಿಯ ಕಾಲಾಳನ್ನು ಒಂದು ಮನೆ ಸರಿಸಿ, ಕ್ಯಾಸಲಿಂಗ್ ಮಾಡಿ ರಾಜನನ್ನು ಭದ್ರಪಡಿಸುತ್ತಾರೆ. ಅಷ್ಟರಲ್ಲಿ ಹಲಗೆಯ ನಡುಭಾಗವೆಲ್ಲ ಬಿಳಿಯ ಕಾಲಾಳುಗಳ ವಶ. ಆಗ ಕಪ್ಪಿನವರು ರಾಜನ ಕಾಲಾಳನ್ನು ಎರಡು ಮನೆ ನುಗ್ಗಿಸಿ ಆ ನಡುವನ್ನೇ ಹೊಡೆಯುತ್ತಾರೆ. ಈ ಏಟು ತಡವಾದರೆ ಉಸಿರಾಡಲೂ ಜಾಗವಿರದು.

ಇಲ್ಲೊಂದು ಸ್ವಾರಸ್ಯವಿದೆ. ನಡುವೆ ಕಾಲಾಳುಗಳು, ಬಳಿಕ ಮಂತ್ರಿಗಳು ಅದಲುಬದಲಾದ ಮೇಲೆ ಕಪ್ಪಿನ ನಡುಗಾಲಾಳು ಬಿಟ್ಟಿ ಸಿಕ್ಕಂತೆ ಕಾಣುತ್ತದೆ. ಬಿಳಿಯ ಕುದುರೆ ಅದನ್ನು ಹೊಡೆದರೆ ಕಪ್ಪಿನ ಕುದುರೆ ಬಿಳಿಯ ನಡುಗಾಲಾಳನ್ನು ಹೊಡೆಯುತ್ತದೆ. ಕುದುರೆ ಸರಿದೊಡನೆ ಹಿಂದಿದ್ದ ಒಂಟೆಯ ದಾರಿ ತೆರೆಯುತ್ತದೆ. ಬಿಳಿಯವರು ಆ ಕುದುರೆಯನ್ನು ಹೊಡೆದರೆ ಒಂಟೆ ಅವರ ಕುದುರೆಯನ್ನು ಹೊಡೆಯುತ್ತದೆ, ಲೆಕ್ಕ ಸರಿಸಮ. ಒಂಟೆಯನ್ನು ಮೂಲೆಯಲ್ಲಿ ಇಟ್ಟದ್ದೇಕೆಂದು ತಿಳಿದ ಮಗುವಿಗೆ ಇದು ತಾನಾಗಿ ಹೊಳೆಯುತ್ತದೆ.

ಪಾಲಕರಿಗೆ

ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಮೈಸೂರಿನ ಎಂ.ಎಸ್. ತೇಜ್‌ಕುಮಾರ್, ಆ ಪದವಿ ದೊರೆತದ್ದು 2017ರಲ್ಲಿ. ಹಲಗೆ ಗುತ್ತಲಿನ ಜಗಲಿಯಲ್ಲಿರಲಿ, ದೊಡ್ಡ ಟೂರ್ನಿಯಲ್ಲಿರಲಿ, ಇರುವುದು 64 ಮನೆಗಳೇ. ಆಟ ಮುಗಿಸಿ ಬಂದ ಮಗುವನ್ನು ‘ಗೆದ್ದೆಯಾ?’ ಎಂದಷ್ಟೇ ಕೇಳದೆ, ‘ಈ ನಡೆ ಏಕೆ ಇಟ್ಟೆ?’ ಎಂದೂ ಕೇಳಿ. ಉತ್ತರ ಹುಡುಕುವ ಅಭ್ಯಾಸ ಗಣಿತ, ವಿಜ್ಞಾನಗಳ ಪಾಠಕ್ಕೂ ಒದಗುತ್ತದೆ.